ಉದಗೀರದಲ್ಲಿ ಭೂಮಿಯ ಸೆಳೆತ ಹೆಚ್ಚು

ನಮ್ಮ ಅತ್ತೆ ಯಾವುದನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಸೂರ್ಯ ಇವತ್ತು ಪೂರ್ವದಲ್ಲಿ ಹುಟ್ಟಿದ ಎಂದು ನೀವು ಹೋಗಿ ಹೇಳಿದರೆ, "ಇನ್ನೂ ನಾಕ ದಿನ ಹುಟ್ಟಲಿ, ಆಮ್ಯಾಲ ಹೇಳ್ತೀನಿ" ಎನ್ನುವ ಪೈಕಿ. ಅತ್ತೆ ಎಂದ ಕೂಡಲೇ ಗಂಡನ ತಾಯಿ ಎಂದುಕೊಂಡು ನನ್ನನ್ನು ಕರುಣೆಯಿಂದ ನೋಡಬೇಡಿ. ನನಗಿನ್ನೂ ಮದುವೆಯಾಗಿಲ್ಲ. ಈಕೆ ನನ್ನ ಅಪ್ಪನ ಅಕ್ಕ. ಮಹಾರಾಷ್ಟ್ರದ ಗಡಿಯೊಳಗಿನ ಉದಗೀರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಕಲಿಸುತ್ತಾಳೆ ಎಂದರೆ ಕರಿಹಲಗೆಯ ಮುಂದೆ ನಿಂತು ಪಾಠ ಹೇಳುವುದಲ್ಲ, ಆ ಕೆಲಸ ಬಾಯಿದ್ದವರು ಯಾರಾದರೂ ಮಾಡಲಿ ಎನ್ನುತ್ತಾಳೆ. ಆಕೆಯ ರಾಜ್ಯ ಏನಿದ್ದರೂ ಪ್ರಯೋಗಶಾಲೆ.

ನಾನು ನಿಲಂಗಾದವಳು. ಬಿಎಸ್ಸಿ ಓದಲು ಉದಗೀರಕ್ಕೆ ಬಂದು ಅತ್ತೆಯ ಮನೆಯಲ್ಲೇ ಉಳಿದೆ. ಹೀಗಾಗಿ ಹಗಲು ಆಕೆ ನನಗೆ ಮ್ಯಾಡಮ್, ಹೊತ್ತು ಇಳಿದ ಮೇಲೆ ಅತ್ತೆ. ತಪ್ಪಿಸಿಕೊಳ್ಳಲು ಕಿಟಕಿ ಕೂಡ ಇಲ್ಲ! ಮನೆಯಲ್ಲಿದ್ದ ಮೂರನೆಯ ಜೀವ ಮುತ್ಯಾ, ಅಂದರೆ ಅತ್ತೆಯ ಅಪ್ಪ, ನನ್ನ ಅಜ್ಜ. ಆಯುಷ್ಯವೆಲ್ಲ ಮೋಂಢಾದಲ್ಲಿ, ನಮ್ಮ ಕಡೆ ಕಾಳಿನ ಪೇಟೆಗೆ ಹಾಗೇ ಹೆಸರು, ದಲ್ಲಾಳಿಯ ಅಡತಿ ಅಂಗಡಿ ನಡೆಸಿದವನು. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಜಗಳ.

ಅತ್ತೆಗೆ ಮದುವೆ ಯಾಕೆ ಆಗಲಿಲ್ಲ ಎಂಬುದಕ್ಕೆ ನಮ್ಮ ಮನೆಯಲ್ಲಿ ಒಂದು ಕಥೆಯಿದೆ. ಭಾಲ್ಕಿ ಕಡೆಯಿಂದ ಗಂಡಿನವರು ಬಂದಿದ್ದರಂತೆ. ಹುಡುಗನ ಎತ್ತರ ಐದೂವರೆ ಅಡಿ ಎಂದು ಅವರ ಕಾಕಾ ಹೇಳಿದನಂತೆ. ಅತ್ತೆ ಚಹಾದ ತಟ್ಟೆ ಕೆಳಗಿಟ್ಟವಳೇ ಒಳಗೆ ಹೋಗಿ ಟೇಪು ತಂದಳಂತೆ. ಹುಡುಗನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಒಮ್ಮೆ ಅಳೆದಳು, ಇನ್ನೊಮ್ಮೆ ಅಳೆದಳು, "ಉಸರ ಬಿಟ್ಟು ನಿಂದರ್ರಿ" ಎಂದು ಮತ್ತೂ ಒಮ್ಮೆ ಅಳೆದಳು. ಗಂಡಿನವರು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಬಸ್ ಸ್ಟ್ಯಾಂಡಿನ ದಾರಿ ಹಿಡಿದರಂತೆ. ಈ ಕಥೆಯಲ್ಲಿ ಖರೇ ಎಷ್ಟು, ನನ್ನ ಅಪ್ಪ ಬೆರೆಸಿದ್ದು ಎಷ್ಟು, ಬಲ್ಲವರಿಲ್ಲ. ಅತ್ತೆಯನ್ನೇ ಕೇಳಿದೆ. "ಎತ್ತರದಾಗ ಏನೂ ತಕರಾರ ಇರಲಿಲ್ಲವಾ," ಅಂದಳು, "ಆದರ ಒಬ್ಬರಾದ್ರೂ ಹೆಚ್ಚೂ ಕಮ್ಮಿ ಎಷ್ಟು ಅಂತ ಹೇಳಬ್ಯಾಡೇನು?"

ಈ 'ಹೆಚ್ಚೂ ಕಮ್ಮಿ ಎಷ್ಟು' ಎಂಬುದೇ ಆಕೆಯ ಜಪ. ಇಂಗ್ಲಿಷಿನಲ್ಲಿ ಹೇಳುವಾಗ ಪ್ಲಸ್-ಮೈನಸ್. ಹಾಲಿನವನಿಗೂ ಕೇಳುತ್ತಾಳೆ, ರವಿಕೆ ಹೊಲಿಯುವವಳಿಗೂ ಕೇಳುತ್ತಾಳೆ. ಒಮ್ಮೆ ನಾವಿಬ್ಬರೂ ನಿಲಂಗಾ ಬಸ್ ಸ್ಟ್ಯಾಂಡಿನಲ್ಲಿ ಉದಗೀರದ ಬಸ್ಸಿಗೆ ಕಾಯುತ್ತಿದ್ದೆವು. ಅತ್ತೆ ಕಂಟ್ರೋಲರ್ ಕಿಂಡಿಗೆ ಹೋಗಿ ಕೇಳಿದಳು.

"ಬಸ್ ಎಷ್ಟಕ್ಕ ಬರ್ತದ್ರೀ?"

"ಐದಕ್ಕ ಬರ್ತದ ರೀ ಅಕ್ಕಾರ."

"ಪ್ಲಸ್-ಮೈನಸ್ ಎಷ್ಟು?"

ಕಂಟ್ರೋಲರ್ ಕನ್ನಡಕ ತೆಗೆದು ಆಕೆಯನ್ನು ನೋಡಿದ. "ಪ್ಲಸ್ ಭಾಳ ಅದ ರೀ. ಮೈನಸ್ ಮಾತ್ರ ನನ್ನ ನೌಕರಿಯಾಗ ಒಮ್ಮೀನೂ ನೋಡಿಲ್ಲ."

ಅತ್ತೆ ಎಷ್ಟು ಖುಷಿಯಾದಳೆಂದರೆ ಬಸ್ಸು ಒಂದು ತಾಸು ತಡವಾಗಿ ಬಂದದ್ದನ್ನೂ ಕ್ಷಮಿಸಿಬಿಟ್ಟಳು. "ನೋಡಿದ್ಯಾ, ಒಂದೇ ಕಡಿಗೆ ವಾಲೋ ತಪ್ಪು ಅಂದ್ರ ಹಿಂಗಿರ್ತದ. ನೂರು ಸಲ ಕಾದು ಸರಾಸರಿ ತಗದ್ರೂ ಬಸ್ ಐದಕ್ಕ ಬರಂಗಿಲ್ಲ" ಎಂದು ದಾರಿಯುದ್ದಕ್ಕೂ ಪಾಠ ಮಾಡಿದಳು. ನನಗೆ ನಿದ್ದೆ ಬಂದಿತ್ತು.

ಇನ್ನು ಪ್ರಯೋಗಶಾಲೆಗೆ ಬನ್ನಿ. ಪ್ರಯೋಗ ಎಂದರೇನು? ವಿದ್ಯಾರ್ಥಿಗಳಾದ ನಮ್ಮ ತಿಳಿವಳಿಕೆಯಲ್ಲಿ, ಪುಸ್ತಕದಲ್ಲಿ ಆಗಲೇ ಅಚ್ಚಾಗಿ ಕೂತಿರುವ ಉತ್ತರಕ್ಕೆ ನಾವು ಸಲ್ಲಿಸುವ ಪೂಜೆ. ದೇವರು ಒಳಗಿದ್ದಾನೆಂದು ಗೊತ್ತಿದ್ದೇ ಗುಡಿಗೆ ಹೋಗುತ್ತೇವಲ್ಲ! ಭೂಮಿ ವಸ್ತುಗಳನ್ನು ಎಷ್ಟು ಜೋರಾಗಿ ಎಳೆಯುತ್ತದೆ ಎಂದು ಅಳೆಯುವ ಲೋಲಕದ ಪ್ರಯೋಗವನ್ನೇ ತೆಗೆದುಕೊಳ್ಳಿ. ದಾರಕ್ಕೆ ಒಂದು ಗುಂಡು ಕಟ್ಟಬೇಕು, ತೂಗಬಿಡಬೇಕು, ಅದು ಇಪ್ಪತ್ತು ಸಲ ಹೋಗಿಬರಲು ಹಿಡಿದ ಹೊತ್ತನ್ನೂ ದಾರದ ಉದ್ದವನ್ನೂ ಸೂತ್ರಕ್ಕೆ ಹಾಕಬೇಕು. ಉತ್ತರ ಸೆಂಟಿಮೀಟರಿನ ಲೆಕ್ಕದಲ್ಲಿ ಒಂಬೈನೂರಾ ಎಂಬತ್ತು ಬರಬೇಕು. ಬರಬೇಕೇನು, ಬಂದೇ ಬರುತ್ತದೆ! ಯಾಕೆಂದರೆ ನಾವು ಉತ್ತರದಿಂದ ಹೊರಟು ಹಿಂದಕ್ಕೆ ನಡೆದು ಸೆಕೆಂಡುಗಳನ್ನು ಹೆರುತ್ತೇವೆ. ಗುಂಡು ತೂಗಿದರೂ ಸರಿ, ಬಿಟ್ಟರೂ ಸರಿ.

ನಮ್ಮ ಬ್ಯಾಚಿನಲ್ಲಿ ಔರಾದ ಶಹಾಜನಿಯ ಕಿರಾಣಿ ಅಂಗಡಿಯವರ ಮಗ ಒಬ್ಬನಿದ್ದ. ಅವನು ಒಂದೇ ಸಲ ಅಳೆದು, ಕೈಕಟ್ಟಿ ಕೂತುಬಿಟ್ಟಿದ್ದ.

"ಯಾಕೋ, ಮುಗೀತೇನು?" ಅತ್ತೆ ಕೇಳಿದಳು.

"ಮೊದಲನೇ ಸಲಕ್ಕೇ ಬರೋಬರ್ ಬಂತು ರೀ ಮ್ಯಾಡಮ್. ಮತ್ತ ಯಾಕ ಅಳೀಬೇಕು?"

"ಬರೋಬರ್ ಅಂತ ಯಾರು ಹೇಳಿದ್ರು?"

"ಪುಸ್ತಕದಾಗ ಅದ ರೀ."

"ಹಂಗಂದ್ರ ನೀ ಯಾಕ ಬಂದಿ? ಪುಸ್ತಕಾನೇ ಪರೀಕ್ಷಾಕ್ಕ ಕೂಡಸಮು!"

ಹುಡುಗ ಜಾಣ. ಮರುವಾರ ಮೂರು ಸಲ ಅಳೆದೆನೆಂದು ತಂದು ತೋರಿಸಿದ. ಮೂರೂ ಒಂದೇ, ಕೂದಲೆಳೆಯ ಅಂತರವಿಲ್ಲ. "ನೀ ಮನಶ್ಯಾ ಇದ್ದಿಯೋ ಝೆರಾಕ್ಸ್ ಮಶೀನ್ ಇದ್ದಿಯೋ?" ಎಂದಳು ಅತ್ತೆ. ಅಳತೆ ಎಂದ ಮೇಲೆ ಅದು ಸ್ವಲ್ಪ ಆಕಡೆ ಈಕಡೆ ಆಡಲೇಬೇಕು, ಆಡದ ಅಳತೆಯನ್ನು ಕಂಡರೆ ಪೊಲೀಸರಿಗೆ ಕಳ್ಳ ಸಿಕ್ಕಂತೆ ಆಕೆಯ ಮೂಗು ಅರಳುತ್ತಿತ್ತು. ಉತ್ತರ ತಪ್ಪಿದ್ದಕ್ಕೆ ಕಾರಣ ಬರೆಯಿರಿ ಎಂದರೆ ನಾವೆಲ್ಲ ಒಗ್ಗಟ್ಟಾಗಿ 'ಹ್ಯೂಮನ್ ಎರರ್' ಎಂದು ಬರೆಯುತ್ತಿದ್ದೆವು. ಎಂಥ ಭವ್ಯವಾದ ಮಾತು! ಯಾರ ಮೈಮೇಲೂ ಬರುವುದಿಲ್ಲ. ಅತ್ತೆ ಅದರ ಕೆಳಗೆ ಕೆಂಪು ಗೆರೆ ಎಳೆದು ಬರೆಯುತ್ತಿದ್ದಳು: ಯಾವ ಹ್ಯೂಮನ್? ಹೆಸರು ಬರೆಯಿರಿ. ಎಲ್ಲಿ ತಪ್ಪಿದ, ಯಾವ ಕಡೆಗೆ ತಪ್ಪಿದ?

ಇಷ್ಟೆಲ್ಲ ಅಬ್ಬರದ ಹೆಂಗಸು ಮನೆಯಲ್ಲಿ ಒಬ್ಬನಿಗೆ ಮಾತ್ರ ಸೋಲುತ್ತಿದ್ದಳು. ಮುತ್ಯಾನಿಗೆ.

ಮುತ್ಯಾನ ಎದೆಬಡಿತ ನಿಧಾನವಾಗಿದೆ ಎಂದು ಡಾಕ್ಟರು ಹೇಳಿದ್ದು ಹೋದ ಮಳೆಗಾಲದಲ್ಲಿ. "ದಿನಾ ನಾಡಿ ನೋಡ್ಕೋತ ಇರ್ರಿ. ನಿಮಿಷಕ್ಕ ಐವತ್ತರ ಕೆಳಗ ಬಂತು ಅಂದ್ರ ಒಂದು ದಿನಾನೂ ತಡಾ ಮಾಡಬ್ಯಾಡ್ರಿ, ಎದ್ಯಾಗ ಮಶೀನ್ ಕೂಡಸಬೇಕಾಗ್ತದ. ಬಿಟ್ರ ಜೀವಕ್ಕ ಧೋಕಾ" ಎಂದಿದ್ದರು. ಅಳೆಯಿರಿ ಎಂದು ಡಾಕ್ಟರೇ ಹೇಳಿದ ಮೇಲೆ ಕೇಳಬೇಕೆ! ಅತ್ತೆ ಬೆಳಿಗ್ಗೆ ಹಿಡಿದಳು, ಪೂಜೆಯಾದ ಮೇಲೆ ಹಿಡಿದಳು, ಉಣ್ಣುವ ಮುಂಚೆ, ಉಂಡಾದ ಮೇಲೆ. ಬಲಗೈ ಒಂದು ಹೇಳಿತು, ಎಡಗೈ ಇನ್ನೊಂದು. ಬೆರಳಿಗೆ ಸಿಕ್ಕಿಸುವ ಯಂತ್ರ ತಂದಳು. ಮುತ್ಯಾನ ಬೆರಳು ಸದಾ ತಣ್ಣಗೆ, ಅದು ಗಳಿಗೆಗೊಂದು ಅಂಕಿ ತೋರಿಸಿತು. "ಅರಿವಿ ಒಣಾ ಹಾಕೋ ಚಿಮಟಾ ನನ್ನ ಬೆರಳಿಗ್ಯಾಕ?" ಎಂದು ಮುತ್ಯಾ ಕಿತ್ತೆಸೆದ. ಒಂದು ವಾರದ ಮೇಲೆ ಅದು ಚಹಾಪುಡಿಯ ಪೊಟ್ಟಣದ ಬಾಯಿ ಬಿಗಿಯಲು ಬಳಕೆಯಾಗುತ್ತಿತ್ತು.

ಕೊನೆಗೆ ಮುತ್ಯಾ ದಂಗೆಯೆದ್ದ. "ನಿನ್ನ ಪ್ಲಸ್-ಮೈನಸಿನಾಗೇ ನಾ ಸಾಯ್ತೀನಿ. ಆಯುಷ್ಯಾ ಪೂರಾ ಮಂದಿ ಮಾಲ್ ಅಳದೀನಿ. ನನ್ನ ಮಾಲ್ ನಾನೇ ಅಳೀತೀನಿ!"

ಒಪ್ಪಂದವಾಯಿತು. ಬೆಳಿಗ್ಗೆ ಮುತ್ಯಾ ಕಟ್ಟೆಯ ಮೇಲೆ ಕೂತು ತನ್ನ ನಾಡಿ ತಾನೇ ಹಿಡಿಯುವುದು, ನಾನು ಮೊಬೈಲಿನಲ್ಲಿ ಹೊತ್ತು ನೋಡುವುದು. ಪೂರ್ತಿ ನಿಮಿಷ ಎಣಿಸಲು ಮುತ್ಯಾ ಸುತಾರಾಂ ಒಪ್ಪಲಿಲ್ಲ. "ಪಾವಶೇರ ಅಳದು ನಾಕಪಟ್ಟು ಮಾಡಿದ್ರ ಶೇರ ಆಗಂಗಿಲ್ಲೇನು?" ಎಂದ. ಹಾಗಾಗಿ ಕಾಲು ನಿಮಿಷ. ಬೆರಳ ಕೆಳಗೆ ಒಂದು ಬಡಿತ ಸಿಕ್ಕ ಕೂಡಲೇ ಮುತ್ಯಾ "ಲಾಭ" ಎನ್ನುತ್ತಿದ್ದ, ನಾನು ಗುಂಡಿ ಒತ್ತುತ್ತಿದ್ದೆ. "ಲಾಭ, ಎರಡು, ಮೂರು..." ಎಂದು ಎಣಿಕೆ ಸಾಗುತ್ತಿತ್ತು. ನಮ್ಮ ಕಡೆ ಕಾಳು ಅಳೆಯುವವರು 'ಒಂದು' ಎನ್ನುವುದಿಲ್ಲ. ಮೊದಲ ಸೇರಿಗೆ 'ಲಾಭ' ಎಂದೇ ಎಣಿಕೆ ಶುರು. ಅಂಗಡಿಯಲ್ಲೂ ಹಾಗೇ, ಹೊಲದ ರಾಶಿಯಲ್ಲೂ ಹಾಗೇ. ಸೊನ್ನೆ ಎಂಬ ಮಾತನ್ನಂತೂ ಮಾಲಿನ ಮುಂದೆ ಯಾರೂ ಆಡುವಂತಿಲ್ಲ.

ಪ್ರತಿ ದಿನ ಹದಿಮೂರು. ನಾಲ್ಕುಪಟ್ಟು ಮಾಡಿದರೆ ಐವತ್ತೆರಡು. "ಪಾಸ್!" ಎಂದು ಮುತ್ಯಾ ಅಂಗಿಯ ತೋಳು ಇಳಿಸುತ್ತಿದ್ದ. ಅತ್ತೆ ಅಡುಗೆಮನೆಯಿಂದಲೇ "ಎಷ್ಟು?" ಎನ್ನುತ್ತಿದ್ದಳು, ನಾನು "ಐವತ್ತೆರಡು" ಎನ್ನುತ್ತಿದ್ದೆ, ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಗುತ್ತಿತ್ತು. ಲ್ಯಾಬಿನಲ್ಲಿ ಒಂದೇ ಸಮ ಬಂದ ಅಂಕಿ ಕಂಡರೆ ಮೂಗು ಅರಳಿಸುವ ಅತ್ತೆ, ಇಲ್ಲಿ ಮಾತ್ರ ನಿರುಮ್ಮಳವಾಗಿದ್ದಳು. ಮುತ್ಯಾ ಇತ್ತೀಚೆಗೆ ಕೂತಲ್ಲೇ ತೂಕಡಿಸುತ್ತಿದ್ದ, ಜಗಳವನ್ನು ನಡುವೆಯೇ ಮರೆಯುತ್ತಿದ್ದ. ವಯಸ್ಸು ಎಂದುಕೊಂಡೆವು.

ಅದೇ ದಿನಗಳಲ್ಲಿ ಅತ್ತೆಗೆ ಕಾಲೇಜಿನಲ್ಲಿ ಹೊಸ ಹುಕಿ ಬಂತು. ಉತ್ತರದಿಂದ ಹಿಂದಕ್ಕೆ ನಡೆಯುವ ನಮ್ಮ ದಾರಿಯನ್ನೇ ಕಡಿದುಹಾಕಬೇಕು ಎಂದು. ಹೇಗೆ? ಲೋಲಕಗಳ ದಾರದ ಉದ್ದವನ್ನು ತಾನೇ ಅಳೆದು ಗುಟ್ಟಾಗಿಟ್ಟುಕೊಂಡಳು. ಮೇಲ್ಭಾಗಕ್ಕೆ ತನ್ನ ಹಳೆಯ ಸೀರೆಗಳನ್ನು ಹರಿದು ಪರದೆ ಕಟ್ಟಿದಳು. ಸೀರೆಯ ಕೆಳಗೆ ಗುಂಡು ಮಾತ್ರ ಕಾಣುತ್ತಿತ್ತು. ಉದ್ದ ಗೊತ್ತಿಲ್ಲದೆ ಸೆಕೆಂಡು ಹೆರುವುದು ಹೇಗೆ? ನಮಗೆ ಅಕ್ಷರಶಃ ಅಳತೆ ಮಾಡುವ ದುರ್ಗತಿ ಬಂತು! ಔರಾದದವನು ನನ್ನ ಕಿವಿಯಲ್ಲಿ, "ಮ್ಯಾಡಮ್ ಪೆಂಡುಲಮ್‌ಗೆ ಸೆರಗು ಹೊಚ್ಯಾರ. ಇನ್ನ ಹಳದೀ-ಕುಂಕುಮಕ್ಕ ಕರೀಲಿಕ್ಕೆ ಹತ್ತಬಹುದು" ಎಂದ. ನಾನು ನಕ್ಕೆ, ಶಿಕ್ಷೆಗೆ ಹೊರಗೆ ನಿಂತೆ.

ನಮ್ಮ ಸೆಕೆಂಡುಗಳನ್ನೆಲ್ಲ ತೆಗೆದುಕೊಂಡು ಅತ್ತೆ ಲೆಕ್ಕ ಮಾಡಿದಳು. ಒಬ್ಬನದು ಸಾವಿರದ ಎಂಬತ್ತು, ಇನ್ನೊಬ್ಬಳದು ಅದಕ್ಕೆ ಸ್ವಲ್ಪ ಮೇಲೆ, ಮತ್ತೊಬ್ಬನದು ಸ್ವಲ್ಪ ಕೆಳಗೆ. ಒಂಬೈನೂರಾ ಎಂಬತ್ತರ ಹತ್ತಿರ ಒಬ್ಬನೂ ಸುಳಿದಿರಲಿಲ್ಲ. ಅಂದರೆ ಇಡೀ ಪ್ರಪಂಚಕ್ಕಿಂತ ಉದಗೀರದಲ್ಲಿ ಭೂಮಿಯ ಸೆಳೆತ ಹೆಚ್ಚು! ಸ್ಟಾಫ್ ರೂಮಿನಲ್ಲಿ ಹಬ್ಬವೋ ಹಬ್ಬ. ಕೋಟೆಯ ಕೆಳಗೆ ಯಾರೋ ನವಾಬ ಭಾರಿ ಖಜಾನೆ ಹೂತಿದ್ದಾನೆ ಎಂದರು ಇತಿಹಾಸದವರು. "ಅದಕ್ಕೇ ಈ ಊರಿಗೆ ಬದಲಿಯಾಗಿ ಬಂದವರು ಹೊಳ್ಳಿ ಹೋಗಂಗಿಲ್ಲ" ಎಂದರು ಗಣಿತದವರು.

ಅತ್ತೆ ನಗಲಿಲ್ಲ. ದಾರ ಮತ್ತೆ ಅಳೆದಳು, ಗಡಿಯಾರಗಳನ್ನು ಒಂದಕ್ಕೊಂದು ತಾಳೆ ನೋಡಿದಳು, ನಮ್ಮಿಂದ ಅದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿಸಿದಳು. ಸರಾಸರಿ ಗಟ್ಟಿಯಾಗುತ್ತ ಹೋಯಿತು, ಆದರೆ ಗಟ್ಟಿಯಾಗಿದ್ದು ತಪ್ಪಾದ ಜಾಗದಲ್ಲಿ. ಆಕೆಯೇ ಮಾಡಿದರೆ ಮಾತ್ರ ಒಂಬೈನೂರಾ ಎಂಬತ್ತರ ಸುತ್ತಮುತ್ತ ಬರುತ್ತಿತ್ತು. ಭೂಮಿ ಕೂಡ ಮೇಷ್ಟ್ರ ಮುಂದೆ ಒಂದು ಥರ, ಮಕ್ಕಳ ಮುಂದೆ ಒಂದು ಥರ ನಡೆದುಕೊಳ್ಳುತ್ತದೆಯೇ?

ಒಂದು ಮಧ್ಯಾಹ್ನ ಆಕೆಗೆ ತಾಳ್ಮೆ ತಪ್ಪಿತು. ಪ್ರಯೋಗಶಾಲೆಯಲ್ಲಿ ಪಿಸುಗುಟ್ಟುವುದೂ ಅಪರಾಧ, ಎಲ್ಲರೂ ಮನಸ್ಸಿನಲ್ಲೇ ಎಣಿಸಬೇಕು ಎಂಬುದು ಆಕೆಯದೇ ಕಾಯಿದೆ. ಅದನ್ನು ಆಕೆಯೇ ಮುರಿದಳು. ನನ್ನ ಮುಂದೆ ಬಂದು ನಿಂತು, "ಒದರಿ ಎಣಸು" ಎಂದಳು.

ನಾನು ಗುಂಡನ್ನು ಎಳೆದು ಬಿಟ್ಟೆ. ಬಿಟ್ಟವಳೇ ಗಡಿಯಾರ ಒತ್ತಿ, ಗಟ್ಟಿಯಾಗಿ ಅಂದೆ: "ಲಾಭ!"

ಗುಂಡು ಹೋಗಿ ಬಂತು. "ಎರಡು!"

"ನಿಂದರು," ಎಂದಳು ಅತ್ತೆ. "ಲಾಭ ಅಂತ ಯಾವಾಗ ಅಂದಿ?"

"ಬಿಟ್ಟ ಕೂಡ್ಲೇ."

"ಗುಂಡು ಎಷ್ಟು ಸಲ ಹೋಗಿ ಬಂದಿತ್ತು ಆಗ?"

"ಇನ್ನೂ ಹೊಂಟೇ ಇರಲಿಲ್ಲ ರೀ ಮ್ಯಾಡಮ್."

ಅತ್ತೆ ಪಕ್ಕದ ಮೇಜಿನ ಔರಾದದವನನ್ನು ಎಣಿಸಲು ಹೇಳಿದಳು. ಅವನು ಮರಾಠಿಯಲ್ಲಿ ಎಣಿಸಿದ: "ಲಾಭ, ದೋನ, ತೀನ..." ಅವನೂ ಬಿಟ್ಟ ಕೂಡಲೇ. ಅದರಾಚೆಯವಳು ಒಕ್ಕಲುತನದ ಮನೆಯವಳು, ಅವಳದೂ ಅದೇ ಲಾಭ! ಮೋಂಢಾದ ಮಕ್ಕಳು, ರಾಶಿಯ ಮಕ್ಕಳು, ನಾವೆಲ್ಲ ತೊಟ್ಟಿಲಿನಿಂದಲೇ ಕೇಳಿದ ಎಣಿಕೆ ಅದು. ಆದರೆ ಕಾಳಿನಲ್ಲಿ ಸೇರು ತುಂಬಿ ಸುರಿದಾದ ಮೇಲೆ ಲಾಭ ಎನ್ನುತ್ತಾರೆ, ಅಲ್ಲಿ ಒಂದು ಸೇರು ಖರೇನೇ ಬಂದಿರುತ್ತದೆ. ಇಲ್ಲಿ ನಾವು ಏನೂ ಆಗುವ ಮುಂಚೆಯೇ ಲಾಭ ಎಣಿಸಿಕೊಂಡು ಕೂತಿದ್ದೆವು. ನಮ್ಮ ಇಪ್ಪತ್ತು ಮುಗಿದಾಗ ಪಾಪದ ಗುಂಡು ತೂಗಿದ್ದು ಹತ್ತೊಂಬತ್ತೇ ಸಲ. ಹೊತ್ತು ಕಡಿಮೆ ಹಿಡಿಯಿತು, ಭೂಮಿಗೆ ಶಕ್ತಿ ಬಂತು! ಬಿಡುವಾಗ ಸೊನ್ನೆ ಎನ್ನಬೇಕಿತ್ತು. ಆದರೆ ವ್ಯಾಪಾರದ ಮಕ್ಕಳು ಸೊನ್ನೆ ಎನ್ನುತ್ತಾರೆಯೇ?

ಅತ್ತೆ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಂತೆ ನಕ್ಕಳು, ಮೇಜು ಬಡಿದು ನಕ್ಕಳು. "ಯವ್ವಾ! ಇಡೀ ಭೂಮೀನೇ ಮೋಂಢಾದಾಗ ಮಾರೀರಿ! ನೂರು ಸಲ ಅಳದ್ರೂ ಎಲ್ಲಾರದೂ ಒಂದೇ ತಪ್ಪು, ಒಂದೇ ಕಡಿ. ಅದಕ್ಕೇ ಬರೋಬರ್ ಅನಸ್ತದ..."

ಅಷ್ಟರಲ್ಲಿ ನಗು ನಿಂತಿತು. ನಡುವೆಯೇ ಕತ್ತರಿಸಿದಂತೆ. ಆಕೆ ನನ್ನ ಮುಖ ನೋಡಿದಳು. "ಮುತ್ಯಾ," ಎಂದಳು.

ಆಮೇಲೆ ಆಕೆ ಸ್ಕೂಟಿ ಓಡಿಸಿದ ವೇಗ ಎಷ್ಟೆಂದು ಅಳೆಯುವ ಧೈರ್ಯ ನನಗಾಗಲಿಲ್ಲ. ಹಿಂದೆ ಕೂತು ಆಕೆಯ ಸೆರಗು ಹಿಡಿದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹದಿಮೂರರಲ್ಲಿ ಒಂದು ಹುಸಿ, ಗುಂಡಿ ಒತ್ತುವಾಗಿನ ಆ ಲಾಭ. ಉಳಿದದ್ದು ಹನ್ನೆರಡು. ನಾಲ್ಕುಪಟ್ಟು ಮಾಡಿದರೆ ನಲವತ್ತೆಂಟು, ಡಾಕ್ಟರು ಹೇಳಿದ ಐವತ್ತರ ಕೆಳಗೆ. ಇವತ್ತಿನದಲ್ಲ, ಇಷ್ಟೂ ದಿನದ್ದು.

ಮುತ್ಯಾ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಅತ್ತೆ ಚಪ್ಪಲಿ ಬಿಡದೆ ಪಕ್ಕದಲ್ಲಿ ಕುಸಿದು ಕೂತು ಕೈ ಹಿಡಿದಳು. ಬಡಿತ ಸಿಕ್ಕಾಗ, "ಸೊನ್ನಿ" ಎಂದಳು.

ಮುತ್ಯಾ ಕಣ್ಣು ಬಿಟ್ಟ. "ಮನ್ಯಾಗ ಕುಂತು ಸೊನ್ನಿ ಅಂತಿಯಲ್ಲಾ, ಶಾಣ್ಯಾಕಿ!"

"ಸುಮ್ಮ ಕೂಡು ಅಪ್ಪಾ," ಎಂದಳು ಅತ್ತೆ. ಪೂರ್ತಿ ನಿಮಿಷ ಎಣಿಸಿದಳು. ಮತ್ತೊಮ್ಮೆ ಎಣಿಸಲಿಲ್ಲ. ಜೀವನದಲ್ಲಿ ಮೊದಲ ಸಲ, ಒಂದೇ ಅಳತೆ ನಂಬಿ ರಿಕ್ಷಾ ತರಿಸಿದಳು.

ಉದಗೀರದ ಡಾಕ್ಟರು ಇಸಿಜಿ ನೋಡಿದವರೇ ಲಾತೂರಿಗೆ ಕಳಿಸಿದರು. "ಇನ್ನೊಂದೆರಡು ದಿನ ಬಿಟ್ಟಿದ್ರ ನಾ ಏನೂ ಹೇಳಲಿಕ್ಕ ಬರತಿದ್ದಿಲ್ಲ" ಎಂದರು ಅಲ್ಲಿಯ ಡಾಕ್ಟರು. ಮುತ್ಯಾನ ಎದೆಯಲ್ಲಿ ಕಡ್ಡಿಪೆಟ್ಟಿಗೆಗಿಂತ ಸಣ್ಣ ಯಂತ್ರವೊಂದು ಕೂತಿತು. ಒಳಗೆ ಆ ಕೆಲಸ ನಡೆದಿದ್ದಾಗ ಅತ್ತೆ ಹೊರಗಿನ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ನಾನು ಚಹಾ ತಂದುಕೊಟ್ಟೆ. ಕುಡಿಯಲಿಲ್ಲ.

"ಹ್ಯೂಮನ್ ಎರರ್ ಅಂತ ಬರದ್ರ ನಿಮಗ ಹೆಸರು ಕೇಳ್ತೀನಲ್ಲಾ," ಎಂದಳು. "ಇದಕ್ಕ ನನ್ನ ಹೆಸರು ಬರಿ."

"ಎಣಿಸಿದಾಂವ ಮುತ್ಯಾ, ಅತ್ತಿ."

"ದಿನಾ ಐವತ್ತೆರಡು ಬಂದ್ರ ನನಗ ಸಂಶಯ ಬರಬೇಕಿತ್ತು. ಬರಲಿಲ್ಲ. ಯಾಕಂದ್ರ ನನಗ ಬೇಕಾಗಿದ್ದ ಉತ್ತರ ಅದೇ ಇತ್ತು. ಔರಾದದ ಹುಡುಗಗ ಬೈತೀನಿ, ಒಂಬೈನೂರಾ ಎಂಬತ್ತು ಬಂದ ಕೂಡ್ಲೇ ಕೈ ಕಟ್ಟಿ ಕೂಡ್ತಿ ಅಂತ. ನಾನೂ ಅಷ್ಟೇ ನೋಡು. ಅಪ್ಪ ಆರಾಮ ಇದ್ದಾನ ಅನ್ನೋ ಅಂಕಿ ಸಿಕ್ತು, ಅಲ್ಲೇ ನಿಂತೆ."

ಆಕೆಯ ಚಹಾವನ್ನು ನಾನೇ ಕುಡಿದೆ.

ಮುತ್ಯಾ ಮನೆಗೆ ಬಂದ. ಜಗಳ ಮತ್ತೆ ಪೂರ್ತಿ ಮಾಡತೊಡಗಿದ, ನಡುವೆ ಮರೆಯುವುದಿಲ್ಲ. ಲೋಲಕಗಳ ಸೆರಗನ್ನು ಅತ್ತೆ ತೆಗೆಸಿದ್ದಾಳೆ, ಆದರೆ ಈಗ ಪ್ರಯೋಗಶಾಲೆಗೆ ಕಾಲಿಟ್ಟ ಮೊದಲ ದಿನವೇ ಎಲ್ಲರೂ ಗಟ್ಟಿಯಾಗಿ "ಸೊನ್ನೆ" ಎಂದು ಕೂಗಬೇಕು. ಮೋಂಢಾದ ಮಕ್ಕಳು ಕೂಗುವ ಮುಂಚೆ ಮನೆಯ ದೇವರಿಗೆ ಕ್ಷಮೆ ಕೇಳಿಕೊಳ್ಳುತ್ತಾರೆ. ಔರಾದದವನ ಉತ್ತರ ಕಳೆದ ವಾರ ಒಂಬೈನೂರಾ ಎಪ್ಪತ್ತೈದು ಬಂತು. ಅದನ್ನು ಅವನು ತಿದ್ದಲಿಲ್ಲ. ಹಾಗೇ ಬರೆದು, ಪಕ್ಕದಲ್ಲಿ ಹೆಚ್ಚೂ ಕಮ್ಮಿ ಎಷ್ಟೆಂದೂ ಬರೆದ. ಅತ್ತೆ ಅವನಿಗೆ ಕ್ಯಾಂಟೀನಿನಲ್ಲಿ ಭಜಿ ಕೊಡಿಸಿದಳು.

ಈಗ ನಾಡಿ ನೋಡುವ ಅಗತ್ಯವೇ ಇಲ್ಲ. ಯಂತ್ರ ಅರವತ್ತರ ಕೆಳಗೆ ಇಳಿಯಗೊಡುವುದಿಲ್ಲ ಎಂದು ಲಾತೂರಿನವರು ಹೇಳಿದ್ದಾರೆ. ಆದರೂ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಕಟ್ಟೆಗೆ ಬಂದ ಮುತ್ಯಾ ತಾನಾಗಿಯೇ ಅಂಗಿಯ ತೋಳು ಏರಿಸಿ, ಮಗಳ ಮುಂದೆ ಕೈ ಚಾಚುತ್ತಾನೆ. ಮೊನ್ನೆಯೂ ಚಾಚಿದ. ನಾನು ಮೊಬೈಲು ಹಿಡಿದು ತಯಾರಾದೆ. ಅತ್ತೆ ಮಣಿಕಟ್ಟು ಹಿಡಿದು, ಬಡಿತ ಹುಡುಕಿ, ಬಾಯಿ ತೆರೆದಳು. ಸೊನ್ನೆ ಎನ್ನುತ್ತಾಳೆ, ಮುತ್ಯಾ ಬೈಯುತ್ತಾನೆ ಎಂದು ನಾನು ಆಗಲೇ ನಗಲು ಸಿದ್ಧಳಾಗಿದ್ದೆ.

ಆಕೆ ಅಪ್ಪನ ಮುಖ ನೋಡಿದಳು. ಮೆಲ್ಲಗೆ, "ಲಾಭ" ಎಂದಳು.

ಎಣಿಸುತ್ತ ಹೋದಳು. ಕಾಲು ನಿಮಿಷಕ್ಕೆ ಹದಿನಾರು ಬಂತು. ಮುತ್ಯಾ ಕಣ್ಣು ಮುಚ್ಚಿ ಬಿಸಿಲಿಗೆ ಮುಖ ಕೊಟ್ಟಿದ್ದ.

"ಅತ್ತಿ," ಎಂದೆ ನಾನು, "ಒಂದು ಹೆಚ್ಚಾತು."

"ಗೊತ್ತದ," ಎಂದಳು ಅತ್ತೆ. ಕೈ ಬಿಡಲಿಲ್ಲ. "ಇರಲಿ ಬಿಡವಾ."